ಒರಿಜಿನಲ್ಲೋ ರಿಮೇಕೋ? ಸಿ.ಡಿ. ಅಂಗಡಿಯ ಕೌಂಟರಿನಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳು

ದಾವಣಗೆರೆಯಲ್ಲಿ ನಾನು ಹನ್ನೊಂದು ವರ್ಷ ಸಿ.ಡಿ. ಬಾಡಿಗೆ ಅಂಗಡಿ ನಡೆಸಿದೆ. ಈಗ ಅದೇ ಮಳಿಗೆಯಲ್ಲಿ ಜೆರಾಕ್ಸು, ಲ್ಯಾಮಿನೇಷನ್ನು, ಮೊಬೈಲ್ ರೀಚಾರ್ಜು. ಸಿ.ಡಿ. ಹೋದವು, ಪ್ರಶ್ನೆಗಳು ಹೋಗಲಿಲ್ಲ. ಪಹಣಿ ಜೆರಾಕ್ಸಿಗೆ ಬಂದವರು ಮಷಿನ್ ಬಿಸಿಯಾಗುವಷ್ಟರಲ್ಲಿ "ಅಲ್ಲ ಅಣ್ಣಾರೆ, ಆಪ್ತಮಿತ್ರ ನಮ್ದೋ ತಮಿಳಿನವ್ರದ್ದೋ?" ಅಂತ ಶುರು ಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿ ಎರಡು ಮೂರು ಸಲ ಸಿಕ್ಕಿಹಾಕಿಕೊಂಡಿದ್ದೇನೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟೆ.

ರಿಮೇಕು, ಡಬ್ಬಿಂಗು, ರೀ-ರಿಲೀಸು ಎಲ್ಲಾ ಒಂದೇ ಅಲ್ವಾ?

ಅಲ್ಲ. ಕಥೆಯ ಹಕ್ಕು ತಗೊಂಡು, ಬೇರೆ ನಟರನ್ನು ಹಾಕಿ, ಮೊದಲಿಂದ ಶೂಟಿಂಗ್ ಮಾಡಿದರೆ ರಿಮೇಕ್. ಅದೇ ಪಿಚ್ಚರಿಗೆ ಬೇರೆ ಭಾಷೆಯ ದನಿ ಕೂರಿಸಿದರೆ ಡಬ್ಬಿಂಗ್. ಅದೇ ಪಿಚ್ಚರನ್ನು ತೊಳೆದು ಒರೆಸಿ ಮತ್ತೆ ಟಾಕೀಸಿಗೆ ಬಿಟ್ಟರೆ ರೀ-ರಿಲೀಸ್.

ಇದರ ಜೊತೆ ನಮ್ಮ ಕನ್ನಡದವರು 'ಸ್ವಮೇಕ್' ಅಂತ ಒಂದು ಪದ ಹುಟ್ಟಿಸಿಕೊಂಡಿದ್ದಾರೆ. ಸ್ವಂತ ಕಥೆಯ ಪಿಚ್ಚರು ಅಂತ ಅರ್ಥ. ಸ್ವಂತದ್ದಕ್ಕೂ ಬೇರೆ ಹೆಸರು ಬೇಕಾಯ್ತು ಅಂದರೆ ರಿಮೇಕ್ ಎಷ್ಟು ತುಂಬಿತ್ತು ಅಂತ ನೀವೇ ಲೆಕ್ಕ ಹಾಕಿ.

ಕನ್ನಡದಲ್ಲೇ ಯಾಕೆ ಅಷ್ಟೊಂದು ರಿಮೇಕ್ ಬಂದ್ವು?

ಕಥೆಗೆ ಬರ ಅಂತ ಬೈಯುವುದು ಸುಲಭ. ಅದೂ ಸ್ವಲ್ಪ ನಿಜವೇ. ಓಡಿದ ಕಥೆಗೆ ದುಡ್ಡು ಹಾಕಿದರೆ ನಿರ್ಮಾಪಕನಿಗೆ ರಾತ್ರಿ ನಿದ್ದೆ ಬರುತ್ತದೆ. ಆದರೆ ಇನ್ನೊಂದು ಕಾರಣ ಇತ್ತು. 1960ರ ದಶಕದಿಂದ ನಮ್ಮಲ್ಲಿ ಡಬ್ಬಿಂಗ್ ಬೇಡ ಅಂತ ಚಿತ್ರರಂಗವೇ ಕಟ್ಟು ಹಾಕಿಕೊಂಡಿತ್ತು. ಕಾನೂನಲ್ಲ, ಕಟ್ಟು. ಹಾಗಾಗಿ ಮಲಯಾಳದ್ದೋ ತಮಿಳಿನದ್ದೋ ಒಳ್ಳೆ ಕಥೆ ಕನ್ನಡದ ಕಿವಿಗೆ ಬೀಳಬೇಕಾದರೆ ಅದನ್ನು ಕನ್ನಡದಲ್ಲಿ ಮತ್ತೆ ತೆಗೆಯುವುದೊಂದೇ ದಾರಿ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಆಗದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ ಈ ಕಟ್ಟು ಸರಿಯಲ್ಲ ಅಂತ ಆದೇಶ ಕೊಟ್ಟಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಅನ್ನುವ ಡಬ್ಬಿಂಗ್ ಪಿಚ್ಚರು ಬಂತು. ಅದರ ಹಿಂದೆಯೇ ಮೊಬೈಲಿನಲ್ಲಿ ಎಲ್ಲಾ ಭಾಷೆಯ ಪಿಚ್ಚರೂ ಸಿಗೋಕೆ ಶುರುವಾಯ್ತು. ಈಗ ಮಲಯಾಳಂ ಪಿಚ್ಚರು ಬಂದ ತಿಂಗಳಿಗೆ ನನ್ನ ಅಂಗಡಿಯ ಹುಡುಗ ನೋಡಿ ಮುಗಿಸಿರುತ್ತಾನೆ. ಇನ್ನು ರಿಮೇಕ್ ಯಾರಿಗೆ ಬೇಕು?

ನಮ್ಮ ಕಥೆಗಳು ಆ ಕಡೆ ಹೋಗೇ ಇಲ್ವಾ?

ಹೋಗಿವೆ, ಧಾರಾಳವಾಗಿ. ರಾಜ್‌ಕುಮಾರ್ ಅವರ 'ಗಂಧದ ಗುಡಿ' ಧರ್ಮೇಂದ್ರ ಅವರಿಗೆ 'ಕರ್ತವ್ಯ' ಆಯಿತು. 1986ರ 'ಅನುರಾಗ ಅರಳಿತು' ತೆಲುಗಿನಲ್ಲಿ 'ಘರಾನಾ ಮೊಗುಡು', ತಮಿಳಿನಲ್ಲಿ 'ಮನ್ನನ್', ಹಿಂದಿಯಲ್ಲಿ 'ಲಾಡ್ಲಾ' ಆಯಿತು. 'ಕಸ್ತೂರಿ ನಿವಾಸ' ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರಿಗೆ, ಹಿಂದಿಯಲ್ಲಿ ಸಂಜೀವ್ ಕುಮಾರ್ ಅವರಿಗೆ ಸಿಕ್ಕಿತು. 'ಓಂ', 'ಅಪ್ಪು', 'ಮುಂಗಾರು ಮಳೆ', 'ಲೂಸಿಯಾ', 'ಯೂ ಟರ್ನ್' ಎಲ್ಲವೂ ಹೊರಗೆ ಹೋದವೇ. ಮನ್ನನ್ ನೋಡಿದ ತಮಿಳಿನವರಿಗೆ ಅದು ರಜನಿ ಪಿಚ್ಚರು, ಅಷ್ಟೇ. ನಮ್ಮದು ಅಂತ ಅವರಿಗೆ ಗೊತ್ತಿರಬೇಕಾಗಿಯೂ ಇಲ್ಲ. ನಾವು ಅವರದ್ದನ್ನು ನಮ್ಮದು ಅಂದುಕೊಂಡಿಲ್ವಾ?

ನಾಗರಹಾವು ಬೇರೆ ಭಾಷೆಗೆ ಹೋಗಿತ್ತಂತೆ, ಹೌದಾ?

ಆ ಕಥೆ ನಡೆಯುವ ಚಿತ್ರದುರ್ಗದ ಕಡೆಯವರು ಯಾರಾದರೂ ಇದನ್ನು ಕೇಳಿದರೆ ನಾನು ಸ್ಟೂಲ್ ಎಳೆದು ಕೂರಿಸುತ್ತೇನೆ. ರಿಮೇಕಿನ ಬಗ್ಗೆ ನಾನು ಕಲಿತಿದ್ದೆಲ್ಲ ಈ ಒಂದು ಪಿಚ್ಚರಿನಿಂದಲೇ.

1972ರ ಕೊನೆಗೆ ಬಂದದ್ದು. ಪುಟ್ಟಣ್ಣ ಕಣಗಾಲ್ ನಿರ್ದೇಶನ, ಎನ್. ವೀರಾಸ್ವಾಮಿ ನಿರ್ಮಾಣ. ವಿಷ್ಣುವರ್ಧನ್ ರಾಮಾಚಾರಿ, ಅಶ್ವಥ್ ಚಾಮಯ್ಯ ಮೇಷ್ಟ್ರು, ಅಂಬರೀಷ್ ಜಲೀಲ. 1974ರಲ್ಲಿ ಅದು ಒಂದಲ್ಲ, ಮೂರು ಭಾಷೆಗೆ ಹೋಯಿತು. ತಮಿಳಿನಲ್ಲಿ 'ರಾಜ ನಾಗಂ', ತೆಲುಗಿನಲ್ಲಿ 'ಕೋಡೆ ನಾಗು', ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್'. ಹಿಂದಿಯದ್ದಕ್ಕೆ ಪುಟ್ಟಣ್ಣನವರೇ ನಿರ್ದೇಶಕರು. ಹೀರೋ ರಿಷಿ ಕಪೂರ್, ಹಿಂದಿನ ವರ್ಷವಷ್ಟೇ 'ಬಾಬಿ'ಯಲ್ಲಿ ದೇಶಕ್ಕೆಲ್ಲ ಗೊತ್ತಾಗಿದ್ದ ಹುಡುಗ. ಸಂಗೀತ ಆರ್.ಡಿ. ಬರ್ಮನ್. ಇಷ್ಟೆಲ್ಲ ಇದ್ದೂ ಪಿಚ್ಚರು ಏಳಲಿಲ್ಲ. ಕಿಶೋರ್ ಕುಮಾರ್ ಹಾಡಿದ ಒಂದು ಹಾಡು ಮಾತ್ರ ಇವತ್ತಿಗೂ ಓಡುತ್ತಿದೆ.

ಅದೇ ಕಥೆ, ಅದೇ ನಿರ್ದೇಶಕ. ಕೆಟ್ಟಿದ್ದು ಎಲ್ಲಿ?

ನಮ್ಮ ಅಜ್ಜಿ ಮನೆ ದುರ್ಗದಲ್ಲಿ. ಬೇಸಿಗೆ ರಜೆಗೆ ಹೋದಾಗ ಸಣ್ಣ ಮಾವ ಕೋಟೆ ಹತ್ತಿಸುತ್ತಿದ್ದ. ಅವನು ಹೇಳುತ್ತಿದ್ದದ್ದರಲ್ಲಿ ಅರ್ಧ ಮದಕರಿ ನಾಯಕನ ಕಥೆ, ಇನ್ನರ್ಧ ರಾಮಾಚಾರಿ ಕಥೆ. ಯಾವುದು ಎಲ್ಲಿ ಮುಗಿಯುತ್ತೆ, ಯಾವುದು ಎಲ್ಲಿ ಶುರುವಾಗುತ್ತೆ ಅಂತ ನಮಗೆ ಗೊತ್ತಾಗುತ್ತಿರಲಿಲ್ಲ. ಓಬವ್ವನ ಕಿಂಡಿ ಹತ್ತಿರ ನಿಂತು ನಾವು ಒಬ್ಬೊಬ್ಬರೇ ಬಗ್ಗಿ ನುಸುಳುತ್ತಿದ್ದೆವು. ಆ ಕಡೆ ಮಾವ ಕೈಯಲ್ಲಿ ಕಡ್ಡಿ ಹಿಡಿದು, ಒನಕೆ ಅಂತ, ತಲೆ ಮೇಲೆ ಮೆತ್ತಗೆ ಒಂದು ಬಿಡುತ್ತಿದ್ದ. ಓಬವ್ವ ಅಂದರೆ ನಮಗೆ ಇವತ್ತಿಗೂ ಜಯಂತಿಯವರ ಮುಖವೇ. ನಾಗರಹಾವಿನಲ್ಲಿ ಓಬವ್ವನ ಹಾಡು ಬಂದರೆ ಕಥೆ ನಿಂತು ಹೋಯ್ತು ಅಂತ ನಮಗೆ ಅನ್ನಿಸುವುದೇ ಇಲ್ಲ. ಇಂಥ ಊರಿನ ಹುಡುಗ ಹಟಮಾರಿ ಆಗದೆ ಇನ್ನೇನಾಗ್ತಾನೆ ಅನ್ನಿಸುತ್ತೆ. ಬೊಂಬಾಯಿಯಲ್ಲಿ ಕೂತು ನೋಡುವವನಿಗೆ ಕಲ್ಲು ಬರೀ ಕಲ್ಲು. ರಿಷಿ ಕಪೂರ್ ಮುಖವೂ ಹಾಲುಗೆನ್ನೆ, ಆ ಮುಖದಲ್ಲಿ ಸಿಟ್ಟು ನಿಲ್ಲುವುದಿಲ್ಲ. ಇದು ನನ್ನ ಲೆಕ್ಕ. ಕಥೆಯನ್ನು ಲಾರಿಗೆ ಹಾಕಿ ಕಳಿಸಬಹುದು. ಊರು ಹಿಡಿಸುವ ಲಾರಿ ಎಲ್ಲಿದೆ?

ಹಾಗಾದ್ರೆ ಒರಿಜಿನಲ್ಲೇ ಯಾವಾಗ್ಲೂ ಮೇಲು ಅಂತಾಯ್ತು?

ತಡೀರಿ. ನಾಗರಹಾವೂ ಒರಿಜಿನಲ್ ಅಲ್ಲ.

ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ಪಿಚ್ಚರು ಅದು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಅವರು ಹುಟ್ಟಿದ್ದು ಮಲೆಬೆನ್ನೂರಿನಲ್ಲಿ, ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಹಾಗಾಗಿ ದಾವಣಗೆರೆಯವರೂ ನಮ್ಮವರು ಅಂತಾರೆ, ದುರ್ಗದವರೂ ನಮ್ಮವರು ಅಂತಾರೆ. ಪಿಚ್ಚರು ನೋಡಿ ಅವರಿಗೆ ಸಮಾಧಾನ ಆಗಲಿಲ್ಲ. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂದರಂತೆ. ಈ ಮಾತು ದುರ್ಗದ ಹೋಟೆಲುಗಳಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ನಮ್ಮ ಅಜ್ಜಿ ಮನೆಯೊಳಗೇ ಇದಕ್ಕೆ ಎರಡು ಪಕ್ಷ. ದೊಡ್ಡ ಮಾವ ಕಾದಂಬರಿ ಮೊದಲು ಓದಿದವನು. ಪಿಚ್ಚರಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ. ಅಮ್ಮ ಪಿಚ್ಚರು ಮೊದಲು ನೋಡಿದವಳು. ಆಮೇಲೆ ಯಾರೋ ಪುಸ್ತಕ ಕೊಟ್ಟರೆ ಅರವತ್ತು ಎಪ್ಪತ್ತು ಪುಟ ಓದಿ ಮುಚ್ಚಿಟ್ಟಳು. ಯಾಕಮ್ಮ ಅಂದರೆ, "ಇದ್ರಾಗೆ ಚಾಮಯ್ಯ ಮೇಷ್ಟ್ರು ಅಶ್ವಥ್ ಇದ್ದಂಗೆ ಇಲ್ಲ ಕಣೋ" ಅಂದಳು. ಕಾದಂಬರಿ ಬರೆದವರೇ ಎದುರು ಬಂದು ಕೂತಿದ್ದರೂ ಅಮ್ಮ ಅದನ್ನೇ ಹೇಳುತ್ತಿದ್ದಳು.

ನಾಗರಹಾವು ಅಂತ ಉಪೇಂದ್ರದ್ದೂ ಒಂದು ಇದೆಯಲ್ಲ, ಅದು ಇದರ ರಿಮೇಕಾ?

ಅಲ್ಲ. 2002ರ ಆ ಪಿಚ್ಚರು ಹಿಂದಿಯ 'ಬಾಜಿಗರ್' ರಿಮೇಕ್. 2016ರಲ್ಲಿ ಇನ್ನೊಂದು ನಾಗರಹಾವು ಬಂತು. ತೀರಿಕೊಂಡಿದ್ದ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಿದ್ದರು. ಅದಕ್ಕೂ ದುರ್ಗಕ್ಕೂ ಸಂಬಂಧ ಇಲ್ಲ.

ಹೆಸರಿನ ವ್ಯಾಪಾರ ಇದು. ರವಿಚಂದ್ರನ್ ಅವರ 1991ರ 'ರಾಮಾಚಾರಿ' ತಮಿಳಿನ 'ಚಿನ್ನ ತಂಬಿ' ರಿಮೇಕ್. ಕಥೆ ತಮಿಳಿನದ್ದು, ಹೆಸರು ನಮ್ಮ ದುರ್ಗದ್ದು. 2014ರ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಉಲ್ಟಾ. ಕಥೆ ಸ್ವಂತದ್ದು, ಹೀರೋ ಮಾತ್ರ ವಿಷ್ಣು ರಾಮಾಚಾರಿಯ ಅಭಿಮಾನಿ. ಹಳೆ ಹೆಸರು ಕಿವಿಗೆ ಬಿದ್ದರೆ ಟಿಕೆಟ್ ಕೌಂಟರ್ ಕಡೆ ಕಾಲು ತಾನಾಗೇ ತಿರುಗುತ್ತೆ. ಅದು ನಿರ್ಮಾಪಕರಿಗೂ ಗೊತ್ತು.

ಆಪ್ತಮಿತ್ರ ನಮ್ದೋ ತಮಿಳಿನವ್ರದ್ದೋ?

ಎರಡೂ ಅಲ್ಲ, ಮಲಯಾಳದ್ದು. 1993ರ 'ಮಣಿಚಿತ್ರತ್ತಾಳ್', ಫಾಜಿಲ್ ನಿರ್ದೇಶನ. ಕನ್ನಡದಲ್ಲಿ 2004ರಲ್ಲಿ ಪಿ. ವಾಸು ಮಾಡಿದರು. ಮಾರನೇ ವರ್ಷ ಅವರೇ ತಮಿಳಿನಲ್ಲಿ ರಜನಿಕಾಂತ್ ಹಾಕಿಕೊಂಡು 'ಚಂದ್ರಮುಖಿ' ಮಾಡಿದರು. 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯ' ಬಂತು. ಹಾಗಾಗಿ ತಮಿಳಿನವರು ನಮ್ಮಿಂದ ತಗೊಂಡರು ಅನ್ನುವುದು ಅರ್ಧ ಸರಿ.

ಈ ಪಿಚ್ಚರಿನಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಮೈಮೇಲೆ ಬಂದವಳು ಯಾವ ಭಾಷೆಯಲ್ಲಿ ಮಾತಾಡ್ತಾಳೆ ಅಂತ ಗಮನಿಸಿದ್ದೀರಾ? ಮಲಯಾಳದಲ್ಲಿ ತಮಿಳು. ಕನ್ನಡದಲ್ಲಿ ತೆಲುಗು. ತಮಿಳಿನಲ್ಲೂ ತೆಲುಗು. ಹಿಂದಿಯಲ್ಲಿ ಬಂಗಾಳಿ. ಎಲ್ಲಾ ಕಡೆ ದೆವ್ವ ಪಕ್ಕದ ಮನೆಯ ಭಾಷೆ ಆಡುತ್ತೆ. ಗೊತ್ತಿದ್ದ ಹೆಂಗಸಿನ ಬಾಯಲ್ಲಿ ಗೊತ್ತಿಲ್ಲದ ಭಾಷೆ ಬಂದರೆ ತಾನೇ ಭಯ? ರಿಮೇಕ್ ಮಾಡಿದವರು ತಲೆ ಓಡಿಸಿದ ಜಾಗ ಅದು. ಸುಮ್ನೆ ನಕಲು ಹೊಡೆದಿದ್ದರೆ ಕನ್ನಡದ ನಾಗವಲ್ಲಿ ತಮಿಳು ಮಾತಾಡಬೇಕಿತ್ತು.

ಆದರೆ ನಮ್ಮ ಕಡೆ ಇದರಲ್ಲೊಂದು ಎಡವಟ್ಟು. ಚಳ್ಳಕೆರೆ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬರು ಅಜ್ಜಿ ಆಪ್ತಮಿತ್ರ ಸಿ.ಡಿ. ತಗೊಂಡು ಹೋದರು. ಮಾರನೇ ದಿನ ಎರಡೂ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದುಕೊಟ್ಟರು. "ಹೆದರಿಕೆ ಆಯ್ತಾ ಅಜ್ಜಿ?" ಅಂದೆ. "ಎದಕ್ಕಪ್ಪ ಹೆದರಿಕೆ? ಆ ಹುಡುಗಿ ಆಡಿದ್ದೆಲ್ಲ ನಂಗೆ ತಿಳೀತು. ಪಾಪ ಅನ್ನಿಸ್ತು" ಅಂದರು. ಅವರ ಮನೆಮಾತು ತೆಲುಗು. ಬೆಂಗಳೂರಿನವರು ಬೆಚ್ಚಿಬಿದ್ದ ಕಡೆ ಈ ಅಜ್ಜಿ ಅತ್ತಿದ್ದರು.

ಇನ್ನೊಂದು ಮಾತು. ಕನ್ನಡದಲ್ಲಿ ಆ ಪಾತ್ರ ಮಾಡಿದ ಸೌಂದರ್ಯ ಅವರು ಆ ವರ್ಷ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ಹೋದರು. ಪಿಚ್ಚರು ಬಂದದ್ದು ಆಗಸ್ಟಿನಲ್ಲಿ. ಸತ್ತುಹೋದವಳು ಮೈಮೇಲೆ ಬರುವ ಕಥೆಯನ್ನು ನಾವು ನೋಡಿದ್ದು ಈ ಸಂಕಟ ಇಟ್ಟುಕೊಂಡು. ಮಲಯಾಳದಲ್ಲಿ ಅದೇ ಪಾತ್ರ ಮಾಡಿದ ಶೋಭನಾ ಅವರ ನಟನೆ ದೊಡ್ಡದು, ರಾಷ್ಟ್ರಪ್ರಶಸ್ತಿ ಬಂದದ್ದು. ಒಪ್ಪುತ್ತೇನೆ. ಆದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಅಂಕ ಹಾಕು ಅಂದರೆ ನನ್ನ ಕೈಲಾಗಲ್ಲ.

ಯಾವುದನ್ನ ಮೊದಲು ನೋಡ್ಬೇಕು?

ಯಾವುದು ಮೊದಲು ಸಿಗುತ್ತೋ ಅದು. 'ದೃಶ್ಯ'ದಂಥ ಗುಟ್ಟಿನ ಪಿಚ್ಚರಾದರೆ ಮಾತ್ರ ಎರಡನೇ ಸಲ ಮಜಾ ಕಮ್ಮಿ. ಅದಕ್ಕೆ ಒಳ್ಳೆಯದು ಅಂತ ಹೆಸರಾದದ್ದನ್ನೇ ಮೊದಲು ನೋಡಿಬಿಡಿ.

ಹಳೇದೇ ಚೆನ್ನಾಗಿತ್ತು ಅನ್ನೋದು ಬರೀ ನಮ್ಮ ವಯಸ್ಸಿನ ದೋಷವಾ?

ಸ್ವಲ್ಪ ಹೌದು. ಮನುಷ್ಯನಿಗೆ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪು ಉಳಿದೆಲ್ಲ ವಯಸ್ಸಿಗಿಂತ ಗಟ್ಟಿ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡುವವರು ಹೇಳುತ್ತಾರೆ. ಆ ವಯಸ್ಸಿನಲ್ಲಿ ನೋಡಿದ ಪಿಚ್ಚರು, ಕೇಳಿದ ಹಾಡು ಜಾಸ್ತಿ ಅಂಟಿಕೊಳ್ಳುತ್ತೆ.

ನಾಸ್ಟಾಲ್ಜಿಯಾ ಅಂತ ಈಗ ಎಲ್ಲರೂ ಅನ್ನುತ್ತಾರಲ್ಲ, ಆ ಪದ ಶುರುವಿನಲ್ಲಿ ಒಂದು ಕಾಯಿಲೆಯ ಹೆಸರು. 1688ರಲ್ಲಿ ಯೊಹಾನೆಸ್ ಹೋಫರ್ ಅನ್ನುವ ಸ್ವಿಸ್ ವೈದ್ಯ ವಿದ್ಯಾರ್ಥಿ ಕಟ್ಟಿದ ಪದ. ಊರು ಬಿಟ್ಟು ದೂರ ಹೋದವರು ಊರು ನೆನೆದು ಕೊರಗಿ ಸೊರಗುತ್ತಾರಲ್ಲ, ಅದಕ್ಕೆ. ಅಂದರೆ ಮೊದಲು ಅದು ಕಾಲದ ಹಂಬಲ ಅಲ್ಲ, ಊರಿನ ಹಂಬಲ. ನನಗೆ ಇದು ಸರಿಯಾಗಿ ಹೊಂದುತ್ತೆ.

ನಾನು 'ಯಜಮಾನ' ನೋಡಿದ್ದು ದಾವಣಗೆರೆಯ ಅಶೋಕ ಟಾಕೀಸ್ ರೈಲ್ವೆ ಗೇಟಿನ ಮುಂದೆ ಅರ್ಧ ಗಂಟೆ ಕಾದ ದಿನ. ಗೇಟ್ ಹಾಕಿತ್ತು. ಒಂದು ಗೂಡ್ಸ್ ಹೋಯಿತು, ಗೇಟ್ ತೆಗೆಯಲಿಲ್ಲ. ಎದುರಿನಿಂದ ಇನ್ನೊಂದು ಬರೋದಿತ್ತು. ಅಪ್ಪ ಸ್ಕೂಟರ್ ಆಫ್ ಮಾಡಿ, "ಟೈಟಲ್ ಹೋಯ್ತು ಬಿಡು" ಅಂದರು. ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡಿದ್ದ ಪೊಟ್ಟಣದ ಎಣ್ಣೆ ನನ್ನ ಅಂಗಿ ಜೇಬಿಗೆ ಇಳಿದಿತ್ತು. ಪಿಚ್ಚರಿನಲ್ಲಿ ವಿಷ್ಣುವರ್ಧನ್ ತಮ್ಮಂದಿರಿಗಾಗಿ ಎಲ್ಲಾ ಬಿಟ್ಟುಕೊಡುವಾಗ ಅಪ್ಪ ಕನ್ನಡಕ ತೆಗೆದು ಒರೆಸಿದರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಎರಡೇ ಸಲ, ಅದರಲ್ಲಿ ಇದೊಂದು.

ಯಜಮಾನ ರಿಮೇಕ್ ಅಂತ ನನಗೆ ಆಮೇಲೆ ಗೊತ್ತಾಯ್ತು. ತಮಿಳಿನ 'ವಾನತ್ತೈಪ್ಪೋಲ', ವಿಜಯಕಾಂತ್ ಅವರದ್ದು, ಅದೇ 2000ದಲ್ಲಿ ಬಂದದ್ದು. ಅಂಗಡಿ ಇಟ್ಟ ಮೇಲೆ ಒಂದು ಮಧ್ಯಾಹ್ನ ಕೂತು ಅದನ್ನೂ ನೋಡಿದೆ. ಚೆನ್ನಾಗಿದೆ. ತಕರಾರಿಲ್ಲ. ಆದರೆ ಅದರಲ್ಲಿ ರೈಲ್ವೆ ಗೇಟಿಲ್ಲ.

ಹಾಗಂತ ಹಳೆಯದೆಲ್ಲ ಚಿನ್ನ ಅಲ್ಲ. ಚಿಕ್ಕಂದಿನಲ್ಲಿ ಶಿಳ್ಳೆ ಹೊಡೆದು ನೋಡಿದ ಎಷ್ಟೋ ಪಿಚ್ಚರನ್ನು ಈಗ ಹಾಕಿದರೆ ಹೆಂಗಸರನ್ನು ಕೀಳಾಗಿ ಆಡಿಸಿಕೊಳ್ಳುವ ಕಾಮಿಡಿ ಬಂದಾಗ ಮಗಳ ಮುಂದೆ ಮುಜುಗರ ಆಗುತ್ತೆ. ನೆನಪು ಅದನ್ನೆಲ್ಲ ಎಡಿಟಿಂಗ್ ಮಾಡಿ ಇಟ್ಟಿರುತ್ತೆ. ಅದಕ್ಕೆ, ತುಂಬಾ ಪ್ರೀತಿಯ ಒಂದೆರಡು ಪಿಚ್ಚರನ್ನು ನಾನು ಬೇಕಂತಲೇ ಮತ್ತೆ ನೋಡಿಲ್ಲ.

ಹಳೆ ಪಿಚ್ಚರಿಗೆ ಬಣ್ಣ ಹಾಕೋದು, ರೀ-ರಿಲೀಸ್ ಮಾಡೋದು ಸರಿನಾ?

ರೀ-ರಿಲೀಸಿಗೆ ನನ್ನ ಎರಡೂ ಕೈ ಮೇಲೆ. 'ಅಪ್ಪು' 2025ರ ಮಾರ್ಚಿನಲ್ಲಿ ಪುನೀತ್ ಅವರ ಹುಟ್ಟುಹಬ್ಬಕ್ಕೆ ಮತ್ತೆ ಬಂದಾಗ ಮೊದಲ ಸಲ ನೋಡುತ್ತಿದ್ದ ಹುಡುಗರೇ ಜಾಸ್ತಿ ಕುಣಿದರು. ಅವರು ಹುಟ್ಟುವ ಮೊದಲೇ ಬಂದ ಪಿಚ್ಚರಿಗೆ ಅವರಿಗೆ ಎಲ್ಲಿಯ ನಾಸ್ಟಾಲ್ಜಿಯಾ ಅಂತ ಕೇಳಬೇಡಿ. ಮನೆಯಲ್ಲಿ ಅಣ್ಣ, ಚಿಕ್ಕಪ್ಪ ಹೇಳಿ ಹೇಳಿ ಸಾಲ ಕೊಟ್ಟಿರುತ್ತಾರೆ.

ಬಣ್ಣದ ವಿಷಯಕ್ಕೆ ನನ್ನದು ತಕರಾರು. 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಹಾಕಿ ಬಿಟ್ಟರು. ಜನ ನೋಡಿದರು, ಖುಷಿಪಟ್ಟರು. ನನಗೆ ಮಾತ್ರ ಗೋಡೆಗೆ ಹೊಸದಾಗಿ ಡಿಸ್ಟೆಂಪರ್ ಹೊಡೆದ ಮನೆಯಲ್ಲಿ ಕೂತಂತೆ ಆಯ್ತು.

ನಾಗರಹಾವು 2018ರ ಜುಲೈನಲ್ಲಿ ಡಿಜಿಟಲ್ ಆಗಿ, ಹೊಸ ಸೌಂಡಿನಲ್ಲಿ ಬಂತು. ನಾನು ಹೋಗಿದ್ದ ಟಾಕೀಸಿನಲ್ಲಿ, ಹೆಸರು ಬೇಡ ಬಿಡಿ, ಕೊನೆಯ ಭಾಗ ನಡೆಯುವಾಗ ಸೌಂಡೇ ಹೋಯ್ತು. ಚಿತ್ರ ಓಡ್ತಿದೆ, ಬಾಯಿ ಆಡ್ತಿದೆ, ಮಾತಿಲ್ಲ. ಒಂದು ಕ್ಷಣ ಯಾರೋ ಬೈದರು. ಆಮೇಲೆ ಬಾಲ್ಕನಿಯಿಂದ ಒಬ್ಬರು ಚಾಮಯ್ಯ ಮೇಷ್ಟ್ರ ಮಾತು ಹೇಳೋಕೆ ಶುರು ಮಾಡಿದರು. ಕೆಳಗಿನಿಂದ ಇನ್ನೊಬ್ಬರು ರಾಮಾಚಾರಿ. ನಾಲ್ಕೈದು ನಿಮಿಷ ಹೀಗೇ ನಡೆಯಿತು. ಒಂದಕ್ಕೊಂದು ಬಾಯಿ ಕೂಡುತ್ತಿರಲಿಲ್ಲ, ಆದರೂ ಯಾರೂ ನಗಲಿಲ್ಲ. ಸೌಂಡ್ ಬಂದಾಗ ಒಬ್ಬರು "ಥೂ, ಯಾಕ್ ಬಂತೋ" ಅಂದರು.

ಕಥೆ ಹೋಲಿದ್ರೆ ಕದ್ದಿದ್ದು ಅಂತಲೇ ಅರ್ಥವಾ?

ಕಾನೂನು ಹಾಗೆ ಹೇಳಲ್ಲ. ಐಡಿಯಾ ಯಾರ ಆಸ್ತಿಯೂ ಅಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಹಕ್ಕು ಅಂತ ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಕೇಸಿನಲ್ಲಿ ಹೇಳಿದೆ. ಪಿಚ್ಚರಿನ ಹಕ್ಕು 60 ವರ್ಷ ಇರುತ್ತೆ, ಕಾನೂನಿನ ಕಣ್ಣಿಗೆ ನಿರ್ಮಾಪಕರೇ ಅದರ ಕರ್ತೃ. ಹಕ್ಕು ತಗೊಂಡು, ಟೈಟಲಿನಲ್ಲಿ ಮೂಲದವರ ಹೆಸರು ಹಾಕಿದರೆ ಅದು ರಿಮೇಕ್. ಹೆಸರು ನುಂಗಿದರೆ ನನ್ನ ನೋಟ್‌ಬುಕ್ಕಿನಲ್ಲಿ ಅದು ಕದ್ದಿದ್ದೇ. ಕೋರ್ಟು ಏನಾದರೂ ಹೇಳಲಿ.

ನಾಟಕದ ಕಾಲದಲ್ಲೂ ಈ ಜಗಳ ಇತ್ತಾ?

ನಮ್ಮೂರು ಕಂಪನಿ ನಾಟಕದ ಊರು. ಚಿಂದೋಡಿ ವೀರಪ್ಪನವರ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಅದೇ ನಾಟಕವನ್ನು ಊರೂರಲ್ಲಿ ನೂರಾರು ಸಲ ಆಡುತ್ತಿದ್ದರು. ಪಾತ್ರಧಾರಿ ಬದಲಾದರೆ, "ಈ ಸಲದ ಹೀರೋಯಿನ್ ಹಿಂದಿನವಳಷ್ಟು ಇಲ್ಲ" ಅನ್ನುತ್ತಿದ್ದರೇ ಹೊರತು ಇದು ರಿಮೇಕ್ ಅಂತ ಯಾರೂ ಎದ್ದು ಹೋಗಲಿಲ್ಲ. 'ಬೇಡರ ಕಣ್ಣಪ್ಪ'ವೂ ಗುಬ್ಬಿ ಕಂಪನಿಯ ನಾಟಕವಾಗಿ ಓಡಿ, ಆಮೇಲೆ 1954ರಲ್ಲಿ ಪಿಚ್ಚರಾಯ್ತು. ಮತ್ತೆ ಮಾಡುವುದು ನಮಗೆ ಹೊಸದಲ್ಲ. ಹಳೆಯದನ್ನು ರೀಲಿನಲ್ಲಿ ಹಿಡಿದಿಟ್ಟ ಮೇಲೆ ಹೋಲಿಸುವ ಚಟ ಶುರುವಾಯ್ತು, ಅಷ್ಟೇ.

ಮಕ್ಕಳಿಗೆ ಹಳೇದು ಹಾಕಿದ್ರೆ ಹತ್ತು ನಿಮಿಷಕ್ಕೆ ಎದ್ದು ಹೋಗ್ತಾರೆ. ಏನ್ ಮಾಡೋದು?

ಹೋಗಲಿ ಬಿಡಿ. ನನ್ನ ಮಗಳೂ ಎದ್ದು ಹೋಗಿದ್ದಳು. ಆಮೇಲೊಂದು ಭಾನುವಾರ ದುರ್ಗಕ್ಕೆ ಕರೆದುಕೊಂಡು ಹೋದೆ, ಕೋಟೆ ಹತ್ತಿಸಿದೆ, ಕಿಂಡಿಯಲ್ಲಿ ನುಸುಳಿಸಿದೆ. ಕಡ್ಡಿ ಹಿಡಿದು ನಿಲ್ಲೋಕೆ ಮಾವ ಇಲ್ಲ, ನಾನೇ ನಿಂತೆ. ಮನೆಗೆ ಬಂದು ರಾತ್ರಿ ಅವಳೇ ಮೊಬೈಲಿನಲ್ಲಿ ಓಬವ್ವನ ಹಾಡು ಹುಡುಕಿ ಹಾಕಿದಳು. "ಅಪ್ಪಾ, ಈ ಕಲ್ಲಿನ ಹತ್ರನೇ ಅಲ್ವಾ ನಾವು ಚುರುಮುರಿ ತಿಂದಿದ್ದು?" ಅಂದಳು. ಪೂರ್ತಿ ಪಿಚ್ಚರು ಇನ್ನೂ ನೋಡಿಲ್ಲ.

ನಿಮ್ಮ ಹತ್ರ ಹಳೆ ಸಿ.ಡಿ.ಗಳು ಇನ್ನೂ ಇದಾವಾ?

ಮೂರು ರಟ್ಟಿನ ಡಬ್ಬ ತುಂಬ ಅಟ್ಟದ ಮೇಲಿವೆ. ಮಾರಲ್ಲ, ಬಾಡಿಗೆಗೂ ಇಲ್ಲ. ಬಂದು ನೋಡುವವರು ನೋಡಬಹುದು, ಹಾಕೋಕೆ ಪ್ಲೇಯರ್ ಇಲ್ಲ. ಯಜಮಾನ ಎರಡನೇ ಡಿಸ್ಕ್ ಮಾತ್ರ ಕವರಿನಲ್ಲಿಲ್ಲ. 2009ರಲ್ಲಿ ಹೊಂಡದ ಸರ್ಕಲ್ ಕಡೆಯವರು ಯಾರೋ ತಗೊಂಡು ಹೋಗಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿದೆ, ಹೆಸರಿನ ಮೇಲೆ ಟೀ ಚೆಲ್ಲಿದೆ. ನಿಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಹಿಂದೆ ಸಿಕ್ಕರೆ ತಂದುಕೊಡಿ. ದಂಡ ಹಾಕಲ್ಲ.